ಮೇಲಿನ ಸಾಲು

ಉಟ್ರೆಕ್ಟ್, ನೆದರ್ಲೆಂಡ್ಸ್
9 ಜನವರಿ 2025

ಪ್ರೀತಿಯ ದಾನೇಶ್ವರಿ,

ಹೆಬ್ಬಗೋಡಿಯ ನಮ್ಮ ವಠಾರದಿಂದ ಇಲ್ಲಿಗೆ ಬಂದು ಬಿದ್ದ ಮೇಲೆ ನಿದ್ದೆಯೇ ಬರುತ್ತಿಲ್ಲ. ನಿನ್ನ ಮನೆಯ ಕುಕ್ಕರ್ ಕೂಗುವುದಿಲ್ಲ, ವೆಂಕಟಮ್ಮನವರು ಮೋಟರ್ ಹಾಕಿ ಬಾಡಿಗೆಯವರನ್ನೆಲ್ಲ ನೀರಿಗೆ ಕರೆಯುವುದಿಲ್ಲ, ಹೊಸೂರು ರಸ್ತೆಯ ಬಸ್ಸುಗಳ ಹಾರನ್ನಿಲ್ಲ. ಪಕ್ಕದ ರೂಮಿನಲ್ಲಿದ್ದಷ್ಟು ಕಾಲ ಗಲಾಟೆ ಗಲಾಟೆ ಎಂದು ಗೊಣಗುತ್ತಿದ್ದವಳು ನಾನೇ. ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ.

ಫೋನು ಬಿಟ್ಟು ಕಾಗದವೇಕೆ ಎಂದು ಸಿದ್ದಕ್ಕ ಕೇಳಿದ್ದರು. ಕಾರಣ ನಿನಗೆ ಗೊತ್ತು. ಹೋದ ವರ್ಷ ನಿಮ್ಮ ಹೊಲಿಗೆ ಲೈನಿನವರ ವಾಟ್ಸಾಪ್ ಗುಂಪಿನ ಮಾತನ್ನು ಯಾರೋ ಸೂಪರ್‌ವೈಸರಿಗೆ ತೋರಿಸಿ ಇಬ್ಬರ ಕೆಲಸ ಹೋಯಿತು. ನನ್ನ ವಿಶ್ವವಿದ್ಯಾಲಯದ ನಿಯಮವೂ ಹಾಗೇ ಇದೆ. ಅಧ್ಯಯನಕ್ಕಾಗಿ ನನ್ನೊಡನೆ ಮಾತಾಡಿದವರ ನಂಬರು ನನ್ನ ಫೋನಿನಲ್ಲಿ ಇರಕೂಡದು. ವೆಂಕಟಮ್ಮನವರ ವಿಳಾಸಕ್ಕೆ ಬರುವ ಕಾಗದದ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ನಮ್ಮ ಕೆಲಸ ಏನೆಂದು ನಿನಗೆ ಆಗ ಸರಿಯಾಗಿ ಹೇಳಿದೆನೋ ಇಲ್ಲವೋ. ಮಾನವ ಹಕ್ಕುಗಳನ್ನು ಪಾಲಿಸುತ್ತೇವೆ ಎಂದು ನೀವು ಹೊಲಿಯುವ ಶರ್ಟುಗಳ ದೊಡ್ಡ ಬ್ರ್ಯಾಂಡ್‌ಗಳೆಲ್ಲ ಬರೆದುಕೊಟ್ಟಿವೆ. ಆ ಮಾತು ಅವರ ಕಚೇರಿಯಿಂದ ಹೊರಟು ನಿನ್ನ ಮಷಿನಿನವರೆಗೆ ಬರುವಷ್ಟರಲ್ಲಿ ಎಲ್ಲಿ ನಿಂತುಹೋಗುತ್ತದೆ ಎಂದು ಐದು ದೇಶಗಳಲ್ಲಿ ಹುಡುಕುತ್ತಿದ್ದೇವೆ. ನಿಮ್ಮ ಕ್ಯಾಂಟೀನಿನ ಗೋಡೆಗೆ ಹೊಡೆದ ದೂರು ಪೆಟ್ಟಿಗೆ ಆ ದಾರಿಯಲ್ಲಿ ಒಂದು ಜಾಗ. ಅದರ ಬೀಗದ ಕೈ ಈಗ ಕಂಪನಿಯವರ ಹತ್ತಿರ ಇಲ್ಲ. ಬ್ರ್ಯಾಂಡಿನ ಕಡೆಯವರೇ ಬಂದು ತೆಗೆಯುತ್ತಾರೆ, ಕಾಗದದ ಫೋಟೊ ನೇರವಾಗಿ ಆಮ್‌ಸ್ಟರ್‌ಡ್ಯಾಮಿನ ಅವರ ಮುಖ್ಯ ಕಚೇರಿಗೆ ಬರುತ್ತದೆ. ಹೆಸರು ಬೇಡ, ಸಹಿ ಬೇಡ.

ಹಿಂಬಾಗಿಲಿನ ವಿಷಯ ಬರೆಯಲೇಬೇಕು ಎಂದು ನಾನು ಹೇಳಬಾರದು, ಹೇಳುತ್ತಲೂ ಇಲ್ಲ. ಬರೆಯುವುದಾದರೆ ಅರ್ಜಿಯ ಭಾಷೆಗೆ ಹೋಗಬೇಡ. ಊರಿಗೆ ಪತ್ರ ಬರೆಯುವ ಹಾಗೆ ಬರಿ. ನಿಮ್ಮ ಮಾತಿನಲ್ಲೇ ಇದ್ದರೆ ಓದಿದವರಿಗೆ ತಟ್ಟುತ್ತದೆ.

ಮಗಳಿಗೆ ಮುತ್ತು.

ನಿನ್ನ
ಶೋಭಾರಾಣಿ

•

ಶ್ರೀ ಹಳ್ಳದ ಬಸವೇಶ್ವರ ಪ್ರಸನ್ನ

ಹೆಬ್ಬಗೋಡಿ
30 ಜನವರಿ 2025

ಶೋಭಕ್ಕನಿಗೆ ದಾನೇಶ್ವರಿಯ ನಮಸ್ಕಾರ.

ಗಲಾಟೆ ಬೇಕಾದರೆ ಹೇಳಿ, ವೆಂಕಟಮ್ಮನವರನ್ನು ವಿಮಾನ ಹತ್ತಿಸಿ ಕಳಿಸುತ್ತೇನೆ. ನಿಮ್ಮ ಕಾಗದ ಕೊಡುವಾಗ ಅವರು ಅಂಚೆಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ಲಿ ರಾಣಿ ಇದಾಳಾ ರಾಜ ಇದಾನಾ ಕಣಮ್ಮ?" ಎಂದು ಕೇಳಿದರು. ನನಗೇನು ಗೊತ್ತು? ಬಾಡಿಗೆ ಕೇಳಲು ಬಾರದಿದ್ದರೆ ಸಾಕು ಎಂದೆ.

ಮೇಲಿನ ಸಾಲು ನೋಡಿದಿರಾ? ಅದು ನನ್ನ ಕೈಯಲ್ಲ, ಸಿದ್ದಕ್ಕನದು. ನೀವು ಅವಳ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡಿರಿ, ಅಕ್ಷರ ಮಾತ್ರ ನೋಡಲಿಲ್ಲ. ಅವಳು ನನ್ನ ತವರೂರಿನವಳು, ವಿಜಯಪುರದ ಕಡೆಯ ಗುಡದಾಳ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಪರವಾಗಿ ನಾನು ಊರಿಗೆ ಬರೆಯುತ್ತಿದ್ದೆ. ಒಂದು ದಿನ ಪೆನ್ನು ಕಸಿದುಕೊಂಡು, "ದೇವರ ಹೆಸರು ನಾ ಬರಿತೀನಿ, ಉಳಿದ ಹರಟಿ ನೀ ಬರಕೋ" ಎಂದಳು. ಅಂದೇ ಈ ಒಂದು ಸಾಲು ಕಲಿಸಿದೆ. ಅವಳ 'ಪ್ರ' ನೋಡಿ, ಕುಂಟು ಕೋಳಿಯ ಹಾಗೆ ಒಂದು ಕಡೆಗೆ ವಾಲಿಕೊಂಡು ನಿಂತಿದೆ. ಆದರೂ ನಮ್ಮ ಮನೆಯಿಂದ ಹೊರಡುವ ಯಾವ ಕಾಗದವೂ ಅವಳು ಶ್ರೀಕಾರ ಹಾಕದೆ ಹೋಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬರೆದೆವು ಅಕ್ಕ. ಬರೆದು ಹಾಕಿಯೂ ಆಯಿತು.

ಧೈರ್ಯ ನನ್ನದಲ್ಲ, ಅವಳದೇ. ಎರಡನೇ ಮಹಡಿಯಲ್ಲಿ ದಾರ ಕತ್ತರಿಸುತ್ತ ಅವಳು ದಿನವಿಡೀ ಕೂರುವುದು ಆ ಬಾಗಿಲ ಪಕ್ಕದಲ್ಲೇ. ಶಿಫ್ಟ್ ಶುರುವಾದ ಕೂಡಲೇ ಹೊರಗಿನಿಂದ ಸರಪಳಿ ಬೀಳುವ ಸದ್ದು ಮೊದಲು ಕೇಳುವುದು ಅವಳಿಗೆ. ಹಿಂದಿನ ಮೆಟ್ಟಿಲಿನಿಂದ ಬಟ್ಟೆ ಕಳವಾಗುತ್ತದೆಂದು ಕಂಪನಿಯವರ ನೆಪ. ಬ್ರ್ಯಾಂಡಿನವರ ಆಡಿಟ್ ಇದ್ದ ದಿನ ಸರಪಳಿ ಮಾಯವಾಗುತ್ತದೆ, ಬಾಗಿಲ ಮೇಲೆ ಹಸಿರು 'ಎಕ್ಸಿಟ್' ಬೋರ್ಡು ಉರಿಯುತ್ತದೆ. ಇಸ್ತ್ರಿ ವಿಭಾಗ ಇರುವುದು ಮುಂದಿನ ಮೆಟ್ಟಿಲ ಬುಡದಲ್ಲಿ. ಅಲ್ಲಿ ಬೆಂಕಿ ಹತ್ತಿದರೆ ಮೇಲಿರುವ ನಾವೆಲ್ಲ ಎಲ್ಲಿಗೆ ಓಡಬೇಕು? ಸಿದ್ದಕ್ಕ ಒಂದೇ ಮಾತು ಹೇಳಿದಳು. "ಸತ್ತ ಮ್ಯಾಲ ಹಾರ ಹಿಡಕೊಂಡು ಬರ್ತಾರ. ಈಗ ಕೀಲಿ ಹಿಡಕೊಂಡು ಬರ್ರಿ ಅಂತ ಬರಿ." ಅದನ್ನೇ ಬರೆದೆ.

ನಿಮ್ಮ ಮಾತಿನಂತೆ ಊರಿಗೆ ಬರೆದ ಹಾಗೆಯೇ ಬರೆದೆವು. ಮೇಲೆ ಅವಳು, ಕೆಳಗೆ ನಾನು. ಹೆಸರು ಹಾಕಲಿಲ್ಲ. ಪೆಟ್ಟಿಗೆಯ ಎದುರು ಕ್ಯಾಮೆರಾ ಇದೆ. ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ಸಿದ್ದಕ್ಕ ಡಬ್ಬಿಯನ್ನು ಎದೆಗವಚಿಕೊಂಡು ಪೆಟ್ಟಿಗೆಗೆ ಒರಗಿ ನಿಂತಳು, ಕಾಗದ ಒಳಗೆ ಬಿತ್ತು. ಸಂಜೆ ಮನೆಗೆ ಬರುವವರೆಗೆ ನಾನು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ. ಅವಳು ಮಾತ್ರ ದಾರಿಯಲ್ಲಿ ಮಿರ್ಚಿ ಕೊಂಡು ತಿಂದಳು.

ಏನಾಯಿತೆಂದು ಬೇಗ ತಿಳಿಸಿ.

ನಿಮ್ಮ
ದಾನೇಶ್ವರಿ

•

ಉಟ್ರೆಕ್ಟ್
17 ಫೆಬ್ರವರಿ 2025

ಪ್ರೀತಿಯ ದಾನೇಶ್ವರಿ,

ಪತ್ರ ಸಿಕ್ಕಿತು. ಇಲ್ಲಿ ಹಿಮ ಕರಗಿ ರಸ್ತೆಗಳೆಲ್ಲ ರಾಡಿ. ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡಿದ್ದೇನೆ, ಅಷ್ಟು ಬಿಟ್ಟರೆ ಚೆನ್ನಾಗಿದ್ದೇನೆ.

ನಿಮ್ಮ ದೂರು ಆಮ್‌ಸ್ಟರ್‌ಡ್ಯಾಮ್ ತಲುಪಿದೆ. ಅಧ್ಯಯನದ ಕಾರಣ ನನಗೂ ಓದಲು ಕೊಟ್ಟರು. ನಾನು ನೋಡಿದ್ದು ಇಂಗ್ಲಿಷ್ ಅನುವಾದ ಮಾತ್ರ. ಅದು 'ಮಾನ್ಯರೇ' ಎಂದು ಶುರುವಾಗುತ್ತದೆ. ಹಾರದ ಮಾತನ್ನು ಅಲ್ಲಿಯ ಅಧಿಕಾರಿಯೊಬ್ಬರು ಮತ್ತೆ ಮತ್ತೆ ಓದಿದರಂತೆ. ಸಿದ್ದಕ್ಕನಿಗೆ ಹೇಳು.

ಒಂದು ಸಣ್ಣ ಕುತೂಹಲ. ಪೆಟ್ಟಿಗೆಗೆ ಹಾಕಿದ ಕಾಗದದ ಮೇಲೆಯೂ ಆ ಮೇಲಿನ ಸಾಲು ಇತ್ತೇ?

ಇನ್ನೊಂದು ಮಾತು. ಸದ್ಯಕ್ಕೆ ಇಬ್ಬರೂ ಎಂದಿನಂತೆ ಇರಿ. ಕಂಪನಿಯವರು ನಿಮ್ಮ ಕೈಯಲ್ಲಿ ಏನಾದರೂ ಬರೆಸಿಕೊಳ್ಳಲು ಬಂದರೆ, ಅದು ಏನೇ ಇರಲಿ, ಬರೆದುಕೊಡಬೇಡಿ. ನೆಪ ಹೇಳಿ ತಪ್ಪಿಸಿಕೊಳ್ಳಿ. ಕಾರಣವೇನೂ ದೊಡ್ಡದಲ್ಲ, ಸುಮ್ಮನೆ ಎಚ್ಚರಿಕೆಗೆ ಹೇಳಿದೆ.

ನಿನ್ನ
ಶೋಭಾರಾಣಿ

•

ಶ್ರೀ ಹಳ್ಳದ ಬಸವೇಶ್ವರ ಪ್ರಸನ್ನ

ಹೆಬ್ಬಗೋಡಿ
8 ಮಾರ್ಚ್ 2025

ಶೋಭಕ್ಕ,

ನಿಮ್ಮ ಕಾಗದ ನಿನ್ನೆ ಬಂತು. ಮೇಲಿನ ಸಾಲು ಇತ್ತೇ ಎಂದು ನೀವು ಕೇಳಿದ್ದನ್ನು ಓದಿ ಹೇಳಿದೆ. ಸಿದ್ದಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಇಷ್ಟು ಓದಿದವರಿಗೆ ಶ್ರೀಕಾರ ಇಲ್ಲದ ಕಾಗದ ಇರುವುದಿಲ್ಲ ಎಂಬುದು ಗೊತ್ತಿಲ್ಲವೇ ಎಂದು ಅವಳ ಪ್ರಶ್ನೆ. ಇತ್ತು ಅಕ್ಕ. ಇಲ್ಲದೆ ಹೇಗೆ? ಊರಿಗೆ ಬರೆಯುವ ಹಾಗೆ ಬರಿ ಎಂದವರು ನೀವೇ ತಾನೇ.

ದೂರು ಹೋದ ಮೇಲೆ ಕೆಲವು ದಿನ ಸರಪಳಿ ಕಾಣಲಿಲ್ಲ. ಲೈನಿನಲ್ಲಿ ಎಲ್ಲರ ಮುಖವೂ ಹಗುರಾಗಿತ್ತು. ಆಮೇಲೆ ಮತ್ತೆ ಬಂತು. ಹಳೆಯದಕ್ಕೆ ತುಕ್ಕು ಹಿಡಿದಿತ್ತು, ಇದು ಥಳಥಳ ಹೊಳೆಯುತ್ತದೆ.

ಆದರೆ ಕಂಪನಿಯವರಿಗೆ ನಮ್ಮ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದೆ. ಎಚ್‌ಆರ್ ಭಾನುಪ್ರಕಾಶ್ ನಿಮಗೆ ನೆನಪಿರಬೇಕು, ನಿಮ್ಮ ಸಂದರ್ಶನದ ಹೊತ್ತಿಗೆ ಬಿಸ್ಕತ್ತು ತಂದಿಟ್ಟು ಅಲ್ಲೇ ಕೂತಿದ್ದವರು. ಅವರು ಕ್ಯಾಂಟೀನಿನಲ್ಲಿ ಮೈಕು ಹಿಡಿದು, ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಬ್ಬಕ್ಕೆ ಊರಿಗೆ ಹೋಗಲಾಗದೆ ಬೇಜಾರಾಗುತ್ತಾರೆ, ಅದಕ್ಕೇ ಈ ಯುಗಾದಿಗೆ ನಿಮ್ಮ ನಿಮ್ಮ ಊರ ದೇವರ ಹೆಸರಿನಲ್ಲಿ ಇಲ್ಲೇ ಪೂಜೆ ಮಾಡಿಸುತ್ತೇವೆ ಎಂದರಂತೆ. ಪ್ರತಿಯೊಬ್ಬರೂ ಊರು, ದೇವರು ಎರಡನ್ನೂ ಚೀಟಿಯಲ್ಲಿ ತಮ್ಮ ಕೈಯಾರೆ ಬರೆದುಕೊಡಬೇಕಿತ್ತು. ಮೊನ್ನೆ ಮಗಳ ಶಾಲೆಗೆ ಹೋಗಲು ನಾನು ಅರ್ಧ ದಿನ ರಜೆ ಹಾಕಿದ್ದೆ, ನನಗೆ ಸಿಗಲಿಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿ ಬಂದರು. ಸಿದ್ದಕ್ಕ ಬಿಟ್ಟಾಳೆಯೇ? ಊರ ಹೆಸರನ್ನು ಬಾಯಲ್ಲಿ ಹೇಳಿ, ದೇವರ ಸಾಲನ್ನು ನಾಲಿಗೆ ಕಚ್ಚಿಕೊಂಡು ಪೂರ್ತಿ ಬರೆದಳಂತೆ. "ಎಷ್ಟ್ ಚೆನ್ನಾಗ್ ಬರೀತೀರಾ ಸಿದ್ದಕ್ಕ" ಎಂದು ಭಾನುಪ್ರಕಾಶ್ ಹೊಗಳಿ ಮೈಸೂರು ಪಾಕು ಕೊಟ್ಟರು. ಅದನ್ನು ತಿನ್ನದೆ ನನ್ನ ಮಗಳಿಗೆ ತಂದಳು.

ಚೀಟಿ ಕೊಟ್ಟದ್ದು ಮೊನ್ನೆ, ಬರೆದುಕೊಡಬೇಡಿ ಎಂಬ ನಿಮ್ಮ ಕಾಗದ ಬಂದದ್ದು ನಿನ್ನೆ. ದೇವರ ಹೆಸರಿನಿಂದ ಏನಾದೀತು ಎಂದು ಸಿದ್ದಕ್ಕನಿಗೆ ಸಮಾಧಾನ ಹೇಳಿದೆ. ನನಗೆ ಮಾತ್ರ ಸಮಾಧಾನ ಇಲ್ಲ. ಕಾರಣ ಇಲ್ಲದೆ ಅಂಥ ಮಾತು ಬರೆಯುವವರಲ್ಲ ನೀವು. ಏನದು ಅಕ್ಕ?

ದಾನೇಶ್ವರಿ

•

ಹೆಬ್ಬಗೋಡಿ
15 ಮಾರ್ಚ್ 2025

ಶೋಭಾರಾಣಿ ಮೇಡಂ ಅವರಿಗೆ,

ಮೇಲೆ ಏನೂ ಬರೆದಿಲ್ಲ. ಬರೆಯುವವಳು ಪೆನ್ನು ಮುಟ್ಟಲು ಒಪ್ಪಲಿಲ್ಲ. ಅವಳ ಸಾಲನ್ನು ನಾನು ಬರೆಯಲು ನನಗೆ ಮನಸ್ಸಿಲ್ಲ.

ಬುಧವಾರ ಸಿದ್ದಕ್ಕನನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಅವಳು ಬರೆದ ಚೀಟಿ ಇತ್ತು. ಪಕ್ಕದಲ್ಲಿ ಕಂಪ್ಯೂಟರಿನ ಮೇಲೆ ನಮ್ಮ ಕಾಗದ. ಕಾಗದವಲ್ಲ, ಅದರ ಫೋಟೊ. ನೇರವಾಗಿ ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತದೆ ಎಂದು ನೀವು ಬರೆದಿದ್ದ ಫೋಟೊ. ಅದು ಭಾನುಪ್ರಕಾಶರ ಮೇಜಿಗೆ ಹೇಗೆ ಬಂತು ಮೇಡಂ?

ಕುಂಟು ಕೋಳಿ ಎರಡು ಕಡೆಯೂ ಒಂದೇ ರೀತಿ ನಿಂತಿತ್ತು. ಇದು ನೀವೇ ಬರೆದದ್ದಾ ಎಂದು ಕೇಳಿದ್ದಕ್ಕೆ ಸಿದ್ದಕ್ಕ, "ಹೂನ್ರಿ. ಪೂರ್ತಿ ನಾನ ಬರದೀನಿ" ಎಂದಳು. ಅವರು ಹಾಳೆ ಪೆನ್ನು ಮುಂದಿಟ್ಟರು. "ಹಂಗಾದ್ರೆ ಎರಡನೇ ಸಾಲು ಬರೀರಿ, ನೋಡೋಣ."

ಪೆನ್ನು ಹಿಡಿದು ಬಹಳ ಹೊತ್ತು ಕೂತಳಂತೆ. ಕೊನೆಗೆ ಮತ್ತೆ ದೇವರ ಸಾಲನ್ನೇ ಬರೆದಿಟ್ಟಳು. ಅದನ್ನು ಸೂಪರ್‌ವೈಸರುಗಳಿಗೆಲ್ಲ ತೋರಿಸಿ ನಕ್ಕರು. ಬರೆದುಕೊಟ್ಟವರು ಯಾರೆಂದು ಹೇಳಿಬಿಟ್ಟರೆ ನಿಮ್ಮ ಕೆಲಸಕ್ಕೆ ತೊಂದರೆಯಿಲ್ಲ ಎಂದರು. ಅವಳು ಹೇಳಲಿಲ್ಲ. ಮರುದಿನ ಗೇಟಿನಲ್ಲಿ ಅವಳ ಹಾಜರಿ ಕಾರ್ಡು ಕೆಲಸ ಮಾಡಲಿಲ್ಲ, ಒಳಗೆ ಬಿಡಲಿಲ್ಲ.

ಬುಧವಾರ ಆಫೀಸಿನಿಂದ ಅವಳು ಡಬ್ಬಿ ತೆಗೆದುಕೊಳ್ಳಲು ಮೇಲೆ ಬಂದಾಗ ನಾನು ಕಾಲರ್ ಹೊಲಿಯುತ್ತಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದರೆ ಅವಳ ಕಣ್ಣು ಎಲ್ಲಿ ಹೋಯಿತೆಂದು ಅವರಿಗೆ ಗೊತ್ತಾಗುತ್ತದೆ. ನಾನೂ ತಲೆ ಎತ್ತಲಿಲ್ಲ, ಹೊಲಿಯುತ್ತಲೇ ಇದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ. ಸಂಜೆ ಕಾಲು ಹಿಡಿಯಲು ಹೋದರೆ ಬೈದಳು. "ನೀ ಬಾಯಿ ತಗದ್ರ ಇಬ್ಬರೂ ಮನ್ಯಾಗ ಕೂಡೂದು. ನಿನ್ನ ಮಗಳ ಸಾಲಿ ಐತಿ. ಸುಮ್ಕಿರು."

ಇಷ್ಟಕ್ಕೇ ಮುಗಿದಿಲ್ಲ. ಉಳಿದ ಸಾಲುಗಳನ್ನು ಬರೆದ ಕೈ ಯಾವುದೆಂದು ಹುಡುಕುತ್ತಿದ್ದಾರೆ. ಸೋಮವಾರದಿಂದ ಲೈನಿನ ಪ್ರತಿಯೊಬ್ಬರೂ ಒಂದು ಪುಟ ಅಗ್ನಿ ಸುರಕ್ಷತೆಯ ಪ್ರತಿಜ್ಞೆಯನ್ನು ಸ್ವಂತ ಕೈಯಲ್ಲಿ ಬರೆದುಕೊಡಬೇಕಂತೆ. ಬಾಗಿಲಿಗೆ ಸರಪಳಿ ಹಾಕಿ ಒಳಗೆ ಕೂರಿಸಿ ಅಗ್ನಿ ಸುರಕ್ಷತೆ. ನಾನು ಕೆಲಸಕ್ಕೆ ಸೇರಿದಾಗ ಅರ್ಜಿ ತುಂಬಿದವನು ಏಜೆಂಟು, ಹಾಗಾಗಿ ನನ್ನ ಅಕ್ಷರ ಅವರ ಹತ್ತಿರ ಇನ್ನೂ ಇಲ್ಲ.

ನೀವು ಕೇಳಿದ್ದು ಕುತೂಹಲಕ್ಕಲ್ಲ. ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸೈಕಲ್ಲಿನಿಂದ ಬಿದ್ದ ಕಥೆ ಬರೆದಿರಿ.

ದಾನೇಶ್ವರಿ

•

ಉಟ್ರೆಕ್ಟ್
2 ಏಪ್ರಿಲ್ 2025

ದಾನೇಶ್ವರಿ,

ನೀನು ಬರೆದದ್ದು ನಿಜ. ನನಗೆ ಗೊತ್ತಿತ್ತು.

ಬ್ರ್ಯಾಂಡಿನ ಕಚೇರಿಯವರು ದೂರಿನ ಫೋಟೊವನ್ನು, 'ಇದನ್ನು ಸರಿಪಡಿಸಿ' ಎಂಬ ಒಂದು ಮಾತಿನೊಂದಿಗೆ ನಿಮ್ಮ ಕಂಪನಿಗೇ ಕಳಿಸಿದ್ದರು. ಎಲ್ಲ ದೇಶಗಳಲ್ಲಿಯೂ ಅವರು ಮಾಡುವುದು ಹಾಗೆಯೇ. ಹೆಸರಿಲ್ಲದ ಕಾಗದ, ಯಾರಿಗೂ ಅಪಾಯವಿಲ್ಲ ಎಂದುಕೊಂಡರು. ಶ್ರೀಕಾರ ಎಂದರೇನೆಂದು ಅವರಿಗೆ ಗೊತ್ತಿಲ್ಲ. ಅನುವಾದ ಮಾಡಿದವರಿಗೂ ಅದು ಬೇಡದ ಸಾಲಾಗಿ ಕಂಡಿತು. ಅವರೆಲ್ಲ ಹೊರಗಿನವರು, ಹೋಗಲಿ. ನಾನು ತುಮಕೂರಿನವಳು. ಮೇಲೆ ಶ್ರೀಕಾರವಿದ್ದ ನನ್ನ ಅಜ್ಜನ ಕಾಗದಗಳನ್ನು ಓದಿ ಬೆಳೆದವಳು. ಊರಿಗೆ ಬರೆಯುವ ಹಾಗೆ ಬರಿ ಎಂದಾಗ ನನಗೆ ಹೊಳೆಯಬೇಕಿತ್ತು.

ಫೆಬ್ರವರಿಯಲ್ಲಿ ಸುದ್ದಿ ತಿಳಿದ ದಿನವೇ ನಾನು ವೆಂಕಟಮ್ಮನವರಿಗೆ ಫೋನು ಮಾಡಬಹುದಿತ್ತು. ಸಂಶೋಧಕಿ ನಡುವೆ ಕೈಹಾಕಬಾರದು ಎಂಬ ನಿಯಮವನ್ನು ಮುಂದಿಟ್ಟುಕೊಂಡು ಸುಮ್ಮನಾದೆ. ನಿಯಮ ಇರುವುದು ನಿಜ. ಆದರೆ ಬ್ರ್ಯಾಂಡಿನವರು ಸಿಟ್ಟಾದರೆ ನನಗೆ ಅವರ ಕಚೇರಿಯ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯೂ ಇತ್ತು. ಅದಕ್ಕೇ ಅರ್ಧ ಹೇಳಿ ಅರ್ಧ ನುಂಗಿದೆ.

ಈಗ ನಡೆದದ್ದು ಕೇಳು. ದೂರು ಕೊಟ್ಟವರ ಮೇಲೆ ಹಗೆ ಸಾಧಿಸಬಾರದೆಂದು ಬ್ರ್ಯಾಂಡಿನದೇ ನೀತಿ ಹೇಳುತ್ತದೆ. ಅದನ್ನು ಹಿಡಿದುಕೊಂಡು ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಕೂತೆ. ನಿಮ್ಮ ಕಂಪನಿ ಎರಡು ಉತ್ತರ ಕೊಟ್ಟಿದೆ. ಸಿದ್ದಕ್ಕ ತಾನಾಗಿಯೇ ಕೆಲಸಕ್ಕೆ ಬರುವುದನ್ನು ಬಿಟ್ಟಳು ಎಂಬುದು ಒಂದು. ಬರೆಯಲು ಬಾರದ ಹೆಂಗಸು ದೂರು ಬರೆದಳೆಂದು ಹೇಗೆ ನಂಬುವುದು ಎಂಬುದು ಇನ್ನೊಂದು. ಅವರು ಅವಳನ್ನು ನೋಡಿ ನಕ್ಕದ್ದೇ ಇಲ್ಲಿ ಅವರ ವಾದವಾಗಿದೆ.

ಉಳಿದ ಸಾಲುಗಳನ್ನು ಬರೆದವರು ಮುಂದೆ ಬಂದು, ನಾವಿಬ್ಬರೂ ಸೇರಿ ಬರೆದೆವು, ಅದಕ್ಕೇ ಅವಳನ್ನು ಹೊರಗೆ ಹಾಕಿದರು ಎಂದು ಹೇಳಿದರೆ ಮಾತ್ರ ತಾವು ಏನಾದರೂ ಮಾಡಲು ಸಾಧ್ಯ ಎನ್ನುತ್ತಾರೆ ಬ್ರ್ಯಾಂಡಿನವರು. ಮೇ ತಿಂಗಳಲ್ಲಿ ಬೆಂಗಳೂರಿಗೆ ಜನ ಕಳಿಸುತ್ತಾರಂತೆ. ನನ್ನ ಹತ್ತಿರ ಹೆಸರು ಕೇಳಿದರು. ನಾನು ಕೊಟ್ಟಿಲ್ಲ. ಕೊಡಲೇ ಎಂದು ನಿನ್ನನ್ನು ಕೇಳುವ ಮುಖವೂ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಬೇಡ ಎಂದರೆ ಬೇಡ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪ್ರತಿಜ್ಞೆ ಬರೆದುಕೊಟ್ಟೆಯಾ? ಅದೊಂದೇ ತಲೆಯಲ್ಲಿ ಕೊರೆಯುತ್ತಿದೆ. ಕೆಳಗೆ ನನ್ನ ಫೋನ್ ನಂಬರ್ ಬರೆದಿದ್ದೇನೆ. ನಿಯಮ ಹಾಳಾಗಿ ಹೋಗಲಿ.

ಶೋಭಾ

•

ಹೆಬ್ಬಗೋಡಿ
16 ಏಪ್ರಿಲ್ 2025

ಶೋಭಾ ಮೇಡಂ,

ಫೋನು ಮಾಡುವುದಿಲ್ಲ. ಕೆಲಸಕ್ಕೆ ಹೋಗುವಾಗ ಫೋನನ್ನು ಗೇಟಿನಲ್ಲೇ ಕೊಡಬೇಕು, ಅಲ್ಲಿ ಯಾರು ತೆಗೆದು ಏನು ನೋಡುತ್ತಾರೋ. ನಿಮ್ಮ ನಂಬರನ್ನು ಬಾಯಿಪಾಠ ಮಾಡಿ ಆ ತುಂಡನ್ನು ಒಲೆಗೆ ಹಾಕಿದೆ.

ಪ್ರತಿಜ್ಞೆ ಬರೆದಿಲ್ಲ. ಆ ಸೋಮವಾರ ಬೆಳಿಗ್ಗೆಯೇ ಬೆರಳಿಗೆ ಸೂಜಿ ಹೊಕ್ಕಿತು ಎಂದು ದೊಡ್ಡ ಬ್ಯಾಂಡೇಜು ಸುತ್ತಿಕೊಂಡೆ. ಅದೇ ಬೆರಳಿನಲ್ಲಿ ಟಾರ್ಗೆಟ್ ಮುಗಿಸಬೇಕಲ್ಲ, ಅದನ್ನೂ ಮಾಡಿದೆ. ಭಾನುಪ್ರಕಾಶ್ ದಿನವೂ ಬಂದು, "ಬೆರಳು ಹೆಂಗಿದೆಮ್ಮ?" ಎಂದು ವಿಚಾರಿಸುತ್ತಾರೆ. ತುಂಬ ಮೃದುವಾಗಿ ಕೇಳುತ್ತಾರೆ. ಅವರು ಅತ್ತ ಹೋದ ಕೂಡಲೇ ಬ್ಯಾಂಡೇಜನ್ನು ಇನ್ನೊಂದು ಸುತ್ತು ಬಿಗಿಯುತ್ತೇನೆ. ಪ್ರತಿಜ್ಞೆ ಕೊಡದೆ ಉಳಿದಿರುವುದು ಈಗ ನಾನೊಬ್ಬಳೇ.

ಹೋದ ವಾರ ಕಂಪನಿಯ ಕಡೆಯ ಒಬ್ಬ ವಠಾರಕ್ಕೂ ಬಂದಿದ್ದ. ಈ ಮನೆಗೆ ಹೊರದೇಶದ ಕಾಗದ ಯಾರಿಗೆ ಬರುತ್ತದೆ ಎಂದು ವೆಂಕಟಮ್ಮನವರನ್ನು ಕೇಳಿದನಂತೆ. "ನಂಗೇ ಬರುತ್ತೆ, ಯಾಕೆ? ನಮ್ ಸೊಸೆ ತಂಗಿ ಅಲ್ಲೇ ಅವ್ಳೆ ಅಂದ್ಬಿಟ್ಟೆ ಕಣಮ್ಮ" ಎಂದು ನನಗೆ ಹೇಳಿ, ಏನೂ ಆಗದವರ ಹಾಗೆ ಕೊಡ ತುಂಬಿಸಿಕೊಂಡು ಒಳಗೆ ಹೋದರು. ಅವರ ಸೊಸೆಗೆ ತಂಗಿಯೇ ಇಲ್ಲ.

ನಿಮ್ಮ ಕಾಗದವನ್ನು ಸಿದ್ದಕ್ಕನಿಗೆ ಓದಿ ಹೇಳಿದೆ, ಒಂದು ಅಕ್ಷರ ಬಿಡದೆ. ಅವಳು ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸಿನಲ್ಲಿ ನೆಲ ಒರೆಸಲು ಹೋಗುತ್ತಾಳೆ. ನಿಮ್ಮ ಮೇಲೆ ಅವಳಿಗೆ ಸಿಟ್ಟಿಲ್ಲ. ನನಗಿದೆ. ಬರೆಯಲು ಬಾರದವಳು ಎಂದು ಬರೆದಿದ್ದಾರೆ ಎಂಬ ಜಾಗ ಬಂದಾಗ ಮಾತ್ರ ಅವಳ ಮುಖ ಕಪ್ಪಿಟ್ಟಿತು. ಕೆಲಸ ಹೋದಾಗಲೂ ನಾನು ಆ ಮುಖ ನೋಡಿರಲಿಲ್ಲ. ಎದ್ದು ಮಗಳ ಹಳೆಯ ನೋಟುಪುಸ್ತಕ ಕೇಳಿದಳು. "ಎರಡನೇ ಸಾಲು ಕಲಿಸು" ಎಂದಳು. ಈಗ ದಿನವೂ ಮಗಳ ಪಕ್ಕ ಕೂತು ಬರೆಯುತ್ತಾಳೆ. ಏಳನೇ ಇಯತ್ತೆಯ ಹುಡುಗಿ ಇವಳಿಗೆ ತಪ್ಪು ತೋರಿಸಿ ಗದರುತ್ತಾಳೆ, ಇವಳು ಬಾಯಿ ಮುಚ್ಚಿಕೊಂಡು ತಿದ್ದುತ್ತಾಳೆ.

ಹೆಸರು ಕೊಡಬೇಡ ಎಂದೇ ಅವಳು ಹೇಳುತ್ತಿದ್ದಾಳೆ. ನಾನು ಅವಳ ಮಾತು ಕೇಳುವುದಿಲ್ಲ. ನಿಮ್ಮ ಮಾತನ್ನೂ ಕೇಳುವುದಿಲ್ಲ. ನನ್ನ ಹೆಸರನ್ನು ನೀವು ಯಾರಿಗೂ ಕೊಡಬೇಡಿ. ಅವರು ಬಂದ ದಿನ ನಾನೇ ಎದ್ದು ನಿಂತು ಹೇಳುತ್ತೇನೆ. ಅಲ್ಲಿಯವರೆಗೆ ಬೆರಳಿಗೆ ಬ್ಯಾಂಡೇಜು ಇರುತ್ತದೆ. ಕೆಲಸ ಹೋದರೆ ಮಗಳನ್ನು ಹೇಗೆ ಓದಿಸುವುದೆಂದು ಗೊತ್ತಿಲ್ಲ. ಹೆದರಿಕೆ ಹೋಗಿಲ್ಲ. ಆದರೆ ತಲೆ ಎತ್ತದೆ ಕಾಲರ್ ಹೊಲಿದ ಆ ಹೊತ್ತು ಇನ್ನೊಂದು ಸಲ ನನಗೆ ಬೇಡ.

ನೀವು ಮಾಡಬೇಕಾದದ್ದು ಇಷ್ಟು. ಬರುವವರು ಕಂಪನಿಗೆ ಮೊದಲೇ ತಿಳಿಸಬಾರದು. ಮುಂದಿನ ಗೇಟಿನಿಂದ ಬಂದರೆ ಅವರನ್ನು ಕೂರಿಸಿ ಕಾಫಿ ಕೊಡುತ್ತಾರೆ, ಕಾಫಿ ಆರುವಷ್ಟರಲ್ಲಿ ಸರಪಳಿ ಇಳಿದಿರುತ್ತದೆ. ಊಟದ ಗಂಟೆ ಮುಗಿದು ಮಷಿನು ಶುರುವಾದ ಮೇಲೆ ಬರಲಿ. ನೇರವಾಗಿ ಹಿಂದಿನ ಮೆಟ್ಟಿಲು ಹತ್ತಲಿ. ಕಬ್ಬಿಣದ ಮೆಟ್ಟಿಲು, ಕಾಂಪೌಂಡಿನ ಹೊರಗಿನಿಂದಲೇ ಕಾಣುತ್ತದೆ. ಹತ್ತಿ ಬಂದು ಆ ಬಾಗಿಲನ್ನು ತಟ್ಟಲಿ.

ಇದನ್ನು ನೀವು ಮಾಡುತ್ತೀರೋ ಇಲ್ಲವೋ ಅಕ್ಕ, ನನಗೆ ಗೊತ್ತಿಲ್ಲ. ನಂಬಬೇಕೆಂದು ಆಸೆಯಾಗಿದೆ.

ದಾನೇಶ್ವರಿ

•

ಉಟ್ರೆಕ್ಟ್
6 ಮೇ 2025

ಪ್ರೀತಿಯ ದಾನೇಶ್ವರಿ,

ನೀನು ಹೇಳಿದ್ದನ್ನೆಲ್ಲ ಆಮ್‌ಸ್ಟರ್‌ಡ್ಯಾಮಿನವರಿಗೆ ಹಾಗೆಯೇ ಹೇಳಿ ಬಂದಿದ್ದೇನೆ. ಊಟದ ಗಂಟೆ, ಕಬ್ಬಿಣದ ಮೆಟ್ಟಿಲು, ಕಾಫಿಯ ವಿಷಯ. ಒಪ್ಪಿದ್ದಾರೆ. ಯಾವ ದಿನ ಎಂದು ನನಗೆ ಹೇಳಲಿಲ್ಲ. ಹೇಳುವುದೂ ಇಲ್ಲ, ಏಕೆಂದರೆ ನಾನೀಗ ಆ ಅಧ್ಯಯನದಲ್ಲಿಲ್ಲ. ಫೋಟೊ ಹೋದ ದಾರಿಯನ್ನು ಹೆಸರಿಲ್ಲದೆ, ಊರಿಲ್ಲದೆ ಬರೆದು ನಮ್ಮ ಮುಖ್ಯಸ್ಥರಿಗೆ ಕೊಟ್ಟೆ. ನಡುವೆ ಕೈಹಾಕಿದವಳು ಎಂದು ನನ್ನನ್ನು ಹೊರಗಿಟ್ಟರು. ಅದಕ್ಕೆ ನನಗೆ ದುಃಖವಿಲ್ಲ ಎಂದರೆ ಸುಳ್ಳಾಗುತ್ತದೆ.

ಅವರು ಬರುವರೋ ಇಲ್ಲವೋ, ಬಂದರೂ ಮೆಟ್ಟಿಲು ಹತ್ತುವರೋ ಇಲ್ಲವೋ, ನಾನು ಖಾತ್ರಿ ಕೊಡಲಾರೆ. ಹೋದ ಸಲ ಕೊಟ್ಟ ಖಾತ್ರಿ ಏನಾಯಿತೆಂದು ಇಬ್ಬರಿಗೂ ಗೊತ್ತು.

ಏನಾದರೂ ಬರಿ. ಬೈದಾದರೂ ಬರಿ. ನಮ್ಮ ಮನೆಯ ಅಂಚೆಪೆಟ್ಟಿಗೆಯನ್ನು ದಿನಕ್ಕೆ ಎಷ್ಟು ಸಲ ತೆಗೆದು ನೋಡುತ್ತೇನೆಂದು ಹೇಳಿದರೆ ನೀನು ನಗುತ್ತೀಯ. ನಕ್ಕರೂ ಸರಿ.

ಶೋಭಾ

•

ಶ್ರೀ ಹಳ್ಳದ ಬಸವೇಶ್ವರ ಪ್ರಸನ್ನ

ಹೆಬ್ಬಗೋಡಿ
8 ಜೂನ್ 2025

ಶೋಭವ್ವಗ ಸಿದ್ದಕ್ಕ ಬರದದ್ದು.

ಅವರು ಬಂದಿದ್ರು. ಹಿಂದಿನ ಮೆಟ್ಟಿಲ ಹತ್ತಿ ಬಾಗಲಾ ಬಡದ್ರು. ಒಳಗಿನವರು ತಗ್ಯಾಕ ಆಗಲಿಲ್ಲ. ಮಷಿನ ಎಲ್ಲಾ ನಿಂತ್ವು. ದಾನವ್ವ ಎದ್ದು ಬೆರಳಿನ ಅರಿವಿ ಬಿಚ್ಚಿ ನಾನ ಬರದೀನಿ, ಸಿದ್ದಕ್ಕ ನಾನು ಕೂಡಿ ಬರದೀವಿ ಅಂದಳು. ನಾ ಅಲ್ಲಿ ಇರಲಿಲ್ಲ. ಇದ್ದವರು ಹೇಳ್ಯಾರ.

ಈಗ ಸರಪಳಿ ಇಲ್ಲ. ಬಾಗಲದಾಗಿಂದ ಗಾಳಿ ಬರತೈತಿ. ನನ್ನ ಮತ್ತ ಕೆಲಸಕ್ಕ ಕರದಾರ. ಅದ ಜಾಗಾದಾಗ ಕುಂತೀನಿ.

ದಾನವ್ವನ್ನ ದೂರದ ಪೀಣ್ಯಾದಾಗಿನ ಇದ ಕಂಪನಿಯ ಇನ್ನೊಂದು ಫ್ಯಾಕ್ಟರಿಗೆ ಹಾಕ್ಯಾರ. ಶಿಕ್ಷಾ ಅಲ್ಲ, ಬದಲಿ ಅಂತಾರ. ಕತ್ತಲದಾಗ ಹೋಗಿ ಕತ್ತಲದಾಗ ಬರ್ತಾಳ. ಬಂದ ಕೂಡಲೇ ಮಕ್ಕೋತಾಳ. ಅದಕ್ಕ ಈ ಸಲ ಕೆಳಗಿಂದೂ ನಾನ ಬರದೀನಿ. ಬರಿಯಾಕ ಬಾಳ ದಿನ ಹಿಡೀತು. ತಪ್ಪಿದ್ದಲ್ಲೆ ಹುಡುಗಿ ತಿದ್ಯಾಳ.

ಪೀಣ್ಯಾದಾಗೂ ಹಿಂದಿನ ಬಾಗಲಕ್ಕ ಸರಪಳಿ ಐತಂತ. ಅಲ್ಲೂ ಪೆಟ್ಟಿಗಿ ಐತಂತ. ಐತವಾರ ಸೂಟಿ ಇರತೈತಿ, ಕೂಡಿ ಬರಿತೀವಿ. ಮ್ಯಾಲ ದೇವರ ಹೆಸರು ಹಾಕ್ತೀವಿ. ಈ ಸಲ ಕೆಳಗ ನಮ್ಮ ಹೆಸರೂ ಹಾಕ್ತೀವಿ.

ಸಿದ್ದಕ್ಕ